ಗರಗಸದ ಹಿಡಿಯಾದ ಕರಿಯ

"ನಿಲ್ಸಪ್ಪಾ ಆಚಾರಿ, ಅದು ನಮ್ ಕರಿಯನ ಕೊಂಬು!" ಎನ್ನುತ್ತಾ ಸೂಲಿಬೆಲೆಯ ಗೌಡರು ನನ್ನ ಗರಗಸ ಹಿಡಿದುಕೊಂಡರು. ನಾನು ಅವರ ಮನೆಗೆ ಬಾಗಿಲು ಮಾಡುತ್ತಿದ್ದೆ.

ಒಳ್ಳೆಯ ಮರವೆಲ್ಲ ಯುದ್ಧಕ್ಕೆ ಹೋಗುತ್ತಿದ್ದ ಕಾಲ. ಗರಗಸದ ಮರದ ಹಿಡಿ ಸೀಳಿದಾಗ, ಸಂತೆಯಲ್ಲಿ ಸಿಕ್ಕ ಕೊಂಬೊಂದನ್ನು ಕಾಯಿಸಿ, ಬಗ್ಗಿಸಿ ಹಿಡಿ ಮಾಡಿಕೊಂಡಿದ್ದೆ. ಯಾರ ಎತ್ತಿನದೆಂದು ಕೇಳಿರಲಿಲ್ಲ.

ಗೌಡರು ತಾವು ಗುರುತು ಹಿಡಿದ ಕೊಂಬಿನ ಬಿಳಿ ಗೆರೆಯ ಮೇಲೆ ಹೆಬ್ಬೆರಳಾಡಿಸಿದರು. ಅವರ ಎತ್ತು ಕರಿಯ ಸತ್ತು ವರ್ಷವಾಗಿತ್ತಂತೆ. ಕೆಲಸ ಕೈತಪ್ಪಿತೆಂದುಕೊಂಡು ನಾನೇ ಹಿಡಿ ಬಿಚ್ಚಿಕೊಡಲು ಹೋದೆ.

"ಬಿಚ್ಬೇಡ. ಮನೇಲಿಟ್ರೆ ಸುಮ್ನೆ ಬಿದ್ದಿರ್ತಾನೆ. ನಿನ್ಹತ್ರ ಇದ್ರೆ ದುಡೀತಾನೆ" ಎಂದರು.

ಬಾಗಿಲು ಮುಗಿಯುವವರೆಗೂ ಗೌಡರು ಪಕ್ಕದಲ್ಲೇ ಕೂತಿದ್ದರು. ನಾನು ಊಟಕ್ಕೆದ್ದಾಗ ಗರಗಸವನ್ನು ತಾವೇ ಎತ್ತಿ ನೆರಳಲ್ಲಿಟ್ಟರು. ಅಂದಿನಿಂದ ನಾನೂ ಹಾಗೆಯೇ ಇಡುತ್ತೇನೆ.