ನೂರ ನಲವತ್ತೇಳನೇ ಲೆವೆಲ್ಲಿಗೆ ಬಂದ ಬೀಗಿತ್ತಿ

ಬಣ್ಣಕ್ಕೆ ಬಣ್ಣ ಹೊಂದಿಸುವುದರಲ್ಲಿ ಸೊಮುನ್ ಮಾರುಕಟ್ಟೆಯಲ್ಲೇ ಪಿಲಿಮ್‌ಳನ್ನು ಮೀರಿಸುವವರಿಲ್ಲ ಎಂದು ಜನ ಹೇಳುತ್ತಿದ್ದರು. ಪಿಲಿಮ್‌ಳೇ ಹೇಳಿಕೊಟ್ಟ ಮೇಲೆ ಹೇಳುತ್ತಿದ್ದರು, ಆ ಮಾತು ಬೇರೆ. ಎರಡನೇ ಮಹಡಿಯ, ಹಾನ್‌ಬೊಕ್ ಎಂಬ ಸಾಂಪ್ರದಾಯಿಕ ಉಡುಪಿನ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಮದುವೆಯ ಉಡುಪು ಹೊಲಿದವಳು. ಎಳೆಹಸಿರು ಕುಪ್ಪಸಕ್ಕೆ ಎಂಥ ಕೆಂಪಿನ ಲಂಗ ಒಪ್ಪುತ್ತದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಅಂಥವಳಿಗೆ ಅಂಗೈಯಗಲದ ಫೋನಿನೊಳಗಿನ ಆರು ಬಣ್ಣದ ಹಣ್ಣುಗಳು ಒಂದೂವರೆ ತಿಂಗಳಿಂದ ನೀರು ಕುಡಿಸುತ್ತಿದ್ದವು.

ನೂರ ನಲವತ್ತೇಳನೇ ಲೆವೆಲ್. ಒಂದೇ ಬಣ್ಣದ ಮೂರು ಹಣ್ಣು ಸಾಲಾಗಿ ಕೂಡಿದರೆ ಒಡೆಯುತ್ತವೆ. ಇಪ್ಪತ್ತೈದು ನಡೆಗಳೊಳಗೆ ತಳದ ಎರಡು ಸಾಲಿನ ಮಂಜುಗಡ್ಡೆಯನ್ನೆಲ್ಲ ಒಡೆದು ಮುಗಿಸಬೇಕು. ಪ್ರತಿಸಲವೂ ಮೂಲೆಯಲ್ಲೊಂದು ಗಡ್ಡೆ ಉಳಿದು ಅವಳನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಸೋತಾಗಲೆಲ್ಲ ಒಂದು ಹೃದಯ ಹೋಗುತ್ತಿತ್ತು. ಐದೂ ಹೋದರೆ ಫೋನಿನಲ್ಲಿರುವ ಪರಿಚಯಸ್ಥರನ್ನು ಬೇಡಬೇಕು. ಪಿಲಿಮ್ ದಾರ ಮಾರುವವನನ್ನು ಬೇಡಿದಳು, ಹಲ್ಲಿನ ಆಸ್ಪತ್ರೆಯ ನರ್ಸನ್ನು ಬೇಡಿದಳು. ಎದುರಿನ ಹಾಸಿಗೆ ಅಂಗಡಿಯ ಚೊನ್‌ಬುನ್‌ಳನ್ನಂತೂ ದಿನಕ್ಕೆ ಮೂರು ಸಲ ಬೇಡುತ್ತಿದ್ದಳು.

"ಅಕ್ಕಾ, ಸಾಲ ಕೇಳೋರೂ ಇಷ್ಟು ಕಾಡಲ್ಲ," ಎಂದು ಚೊನ್‌ಬುನ್ ಆಚೆಯಿಂದಲೇ ಕೂಗುತ್ತಿದ್ದಳು. "ಯಾವ್ದೋ ಲಂಗಕ್ಕೆ ತೋಳು ಹೊಲಿದ್ಬಿಟ್ಟೀಯ, ನೋಡ್ಕೋ!"

ಒಂದು ಮಂಗಳವಾರ ಮಧ್ಯಾಹ್ನ, ಒಂದು ಕೈಯಲ್ಲಿ ಕಿಂಬಪ್ ಅನ್ನದ ಸುರುಳಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಆಡುತ್ತಿದ್ದ ಪಿಲಿಮ್, ಎಳ್ಳೆಣ್ಣೆ ಮೆತ್ತಿದ ಆ ಹೆಬ್ಬೆರಳು ಜಾರಿ, 'ಎಲ್ಲರನ್ನೂ ಕೇಳು' ಎಂಬುದನ್ನು ಒತ್ತಿಬಿಟ್ಟಳು. ಎಲ್ಲರಲ್ಲಿ ಅವಳ ಬೀಗಿತ್ತಿಯೂ ಇದ್ದರು.

ಬೀಗಿತ್ತಿ ಎಂದರೆ ಮಗಳು ದಾಜೊಂಗ್‌ಳ ಅತ್ತೆ, ಮಿನ್ ಸೊಕ್‌ರಾನ್. ಹೆಣ್ಣುಮಕ್ಕಳ ಶಾಲೆಯ ಉಪಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಮದುವೆಗೆ ಅವರ ನೀಲಿ ಹಾನ್‌ಬೊಕ್ಕನ್ನು ತಾನೇ ಹೊಲಿಯುತ್ತೇನೆಂದು ಪಿಲಿಮ್ ಹಟ ಹಿಡಿದಿದ್ದಳು. ಆದರೆ ಅಷ್ಟು ದೊಡ್ಡವರ ಎದೆಯ ಸುತ್ತ ಟೇಪು ಸುತ್ತುವುದು ಹೇಗೆ? ಕೈ ಬರಲಿಲ್ಲ. "ಏನೂ ಬೇಡ, ನನ್ನ ಕಣ್ಣೇ ಟೇಪು," ಎಂದು ನಕ್ಕು, ದೂರದಿಂದಲೇ ಅಂದಾಜು ಹಾಕಿ ಹೊಲಿದಳು. ಗೌರವಕ್ಕಾಗಿ ಎರಡು ಬೆರಳು ಸಣ್ಣದಾಗಿಯೇ ಅಂದಾಜು ಹಾಕಿದ್ದಳು.

ಮದುವೆಯ ದಿನ ಇಬ್ಬರು ತಾಯಂದಿರೂ ಕೈ ಹಿಡಿದು ನಡೆದು, ಮೇಣದ ಬತ್ತಿ ಹಚ್ಚಿ, ಎದುರುಬದುರು ನಿಂತು ಬಾಗಬೇಕಿತ್ತು. ಗುಲಾಬಿಯುಟ್ಟ ಪಿಲಿಮ್ ನೆಲ ಮುಟ್ಟುವಂತೆ ಬಾಗಿದಳು. ನೀಲಿಯುಟ್ಟ ಬೀಗಿತ್ತಿ ಕತ್ತನ್ನಷ್ಟೇ ಬಗ್ಗಿಸಿದರು. ನೆರೆದವರು ಅದನ್ನು ಗತ್ತು ಎಂದುಕೊಂಡರು. ಲಂಗದ ಎದೆಪಟ್ಟಿ ಅವರ ಉಸಿರು ಹಿಡಿದಿದೆ ಎಂಬುದು ಪಿಲಿಮ್‌ಗೆ ಮಾತ್ರ ಗೊತ್ತಿತ್ತು. ಅವರು ಊಟ ಮುಟ್ಟಲಿಲ್ಲ, ಒಂದು ಮಾತೂ ಆಡಲಿಲ್ಲ. ಅಂದಿನಿಂದ ಹದಿನಾಲ್ಕು ತಿಂಗಳು ಎರಡು ಮನೆಯ ನಡುವೆ ಹಬ್ಬದ ಹಣ್ಣಿನ ಪೆಟ್ಟಿಗೆಗಳು ಓಡಾಡಿದವು, ಮಾತು ಓಡಾಡಲಿಲ್ಲ.

"ಒಂದು ಫೋನ್ ಮಾಡಿ ತಪ್ಪಾಯ್ತು ಅನ್ನಮ್ಮಾ," ಎಂದು ದಾಜೊಂಗ್ ಗೋಗರೆಯುತ್ತಿದ್ದಳು. "ಬರೋ ತಿಂಗಳು ಪಾಪುವಿನ ನೂರನೇ ದಿನದ ಊಟ. ಇಬ್ಬರೂ ಹೀಗೇ ಬಿಗಿದುಕೊಂಡು ಕೂತರೆ ನಾನು ಎತ್ತ ನೋಡ್ಲಿ?"

"ನಾಳೆ ಮಾಡ್ತೀನಿ," ಎನ್ನುತ್ತಿದ್ದಳು ಪಿಲಿಮ್. ಈಗ ಮಾಡಿದಂತಾಯಿತು. ಕ್ಷಮೆಯ ಬದಲು ಅವರ ಫೋನಿಗೆ ಹೋಗಿ ಕೂತದ್ದು, ಕಣ್ಣೀರಿಡುವ ಕರಡಿಮರಿಯ ಚಿತ್ರದ ಜೊತೆ, "ನನ್ನ ಜೀವ ಮುಗಿದಿದೆ! ಒಂದು ಹೃದಯ ಕೊಡಿ!"

ಸಂಜೆಯವರೆಗೆ ಅವಳು ಮೂರು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ, ಶಾಲೆಯ ಗಂಟೆ ಹೊಡೆದಂತೆ, ಬೀಗಿತ್ತಿಯಿಂದ ಒಂದು ಹೃದಯ ಬಂತು. ಮಾತಿಲ್ಲ, ಕತೆಯಿಲ್ಲ. ಬೀಗರು ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ಇವಳೂ ಒಂದು ಕಳಿಸಿದಳು. ಆಗ ಆಟದ ಪಟ್ಟಿಯಲ್ಲಿ ಕಣ್ಣಿಗೆ ಬಿತ್ತು: ಮಿನ್ ಸೊಕ್‌ರಾನ್, ನಾನೂರ ಹನ್ನೆರಡನೇ ಲೆವೆಲ್.

"ಉಪಮುಖ್ಯೋಪಾಧ್ಯಾಯಿನಿ!" ಚೊನ್‌ಬುನ್ ಹಾಸಿಗೆಯ ರಾಶಿಯ ಮೇಲೆ ಬಿದ್ದು ನಕ್ಕಳು. "ಅಕ್ಕಾ, ನೀನಿನ್ನೂ ಶಿಶುವಿಹಾರದಲ್ಲಿದ್ದೀಯ."

ಹೀಗೆ ಆರು ದಿನ. ಏಳನೆಯ ದಿನ ಫೋನೇ ಬಂತು. "ಬೀಗಿತ್ತಿಯವರೇ, ನಾಳೆ ಹನ್ನೊಂದಕ್ಕೆ ಅಂಗಡಿಗೆ ಬರ್ತೀನಿ."

ಪಿಲಿಮ್ ಅಂಗಡಿಯನ್ನು ಎರಡು ಸಲ ಗುಡಿಸಿದಳು, ಮಗುವಿನ ತಲೆಯಷ್ಟು ದೊಡ್ಡ ಪಿಯರ್ ಹಣ್ಣು ತಂದಳು, ಹೇಳಬೇಕಾದ ಕ್ಷಮೆಯನ್ನು ಕನ್ನಡಿಯೆದುರು ಬಾಯಿಪಾಠ ಮಾಡಿದಳು. ಬೀಗಿತ್ತಿ ಬಂದರು, ಮೆತ್ತೆಯ ಮೇಲೆ ನೆಟ್ಟಗೆ ಕೂತರು. ಬಾಯಿಪಾಠ ಪೂರಾ ಮರೆತುಹೋಯಿತು.

"ಎಲ್ಲಿ, ಆಡಿ ನೋಡೋಣ," ಎಂದರು ಅವರು.

ಪಿಲಿಮ್ ಆಡತೊಡಗಿದಳು. ಮೂರನೇ ನಡೆಗೇ ಬೀಗಿತ್ತಿ ಕನ್ನಡಕ ಹಾಕಿಕೊಂಡರು.

"ಅದನ್ಯಾಕೆ ಸರಿಸಿದಿರಿ?"

"ಮಿನುಗ್ತಾ ಇತ್ತಲ್ಲ. ಅಷ್ಟು ಪ್ರೀತಿಯಿಂದ ತೋರಿಸ್ತಿರುವಾಗ ಬೇಡ ಅನ್ನೋದು ಹೇಗೆ?"

"ಅದು ನಿಮ್ಮನ್ನ ಸೋಲಿಸೋಕೆ ಮಿನುಗೋದು. ದಾಕ್ಷಿಣ್ಯ ಬೇಡ. ಮತ್ತೆ ಮೇಲಿನ ಸಾಲನ್ನೇ ಯಾಕೆ ಹಿಡ್ಕೊಂಡಿದೀರಿ?"

"ಅಲ್ಲಿ ನೇರಳೆ ಪಕ್ಕ ಹಳದಿ ಬಂದು ಅಸಹ್ಯವಾಗಿತ್ತು..."

ಬೀಗಿತ್ತಿಯ ತುಟಿಯಂಚು ಅದುರಿತು. "ಇದು ಮದುಮಗಳ ಉಡುಪು ಅಲ್ಲ. ಕೆಳಗಿನಿಂದ ಒಡೀರಿ. ಬುಡ ಅಲ್ಲಾಡಿದ್ರೆ ಮೇಲಿನವು ತಾವಾಗೇ ಬಿದ್ದು ಕೂಡ್ತವೆ. ನಾಲ್ಕು ಸೇರಿದ್ರೆ ಪಟಾಕಿ ಸಿಗುತ್ತಲ್ಲ, ಸಿಕ್ಕ ಕೂಡಲೇ ಹೊಡೀಬೇಡಿ. ಪಕ್ಕದಲ್ಲಿ ಇನ್ನೊಂದು ಬರೋವರೆಗೆ ಕಾಯಿರಿ. ಎರಡನ್ನೂ ತಾಗಿಸಿದ್ರೆ ಮೂಲೆಗಡ್ಡೆ ಉಳಿಯಲ್ಲ. ಮೊದಲು ಪೂರ್ತಿ ನೋಡಿ, ಆಮೇಲೆ ಬೆರಳು."

ಇಬ್ಬರ ತಲೆಗಳೂ ಒಂದೇ ಪರದೆಯ ಮೇಲೆ ಬಾಗಿದವು. ಮುಖ ನೋಡುವ ಕಷ್ಟವಿಲ್ಲದಿದ್ದುದರಿಂದಲೋ ಏನೋ, ಹದಿನಾಲ್ಕು ತಿಂಗಳ ಮಾತು ಪಿಲಿಮ್‌ಳ ಬಾಯಿಂದ ತಾನಾಗಿ ಜಾರಿತು.

"ಆವತ್ತು ನಾನು ಅಳತೆ ತಗೊಂಡಿರ್ಲಿಲ್ಲ."

"ಗೊತ್ತು. ಬಲಗಡೆ ಕಿತ್ತಳೆ ನೋಡಿ."

"ಭಯ ಆಯ್ತು. ನಿಮ್ಮನ್ನ ಮುಟ್ಟೋಕೆ."

"ಹೂಂ. ಒಂಬತ್ತು ನಡೆ ಇದೆ." ಬೀಗಿತ್ತಿ ಗಂಟಲು ಸರಿಮಾಡಿಕೊಂಡರು. "ನಾನೂ ಒಂದು ಹೇಳ್ಬೇಕು. ಮದುವೆ ಮಂಟಪದ ಬಚ್ಚಲಲ್ಲಿ, ಅಡುಗೆಯವರ ಮಾಂಸದ ಕತ್ತರಿ ಇಸ್ಕೊಂಡು, ನಿಮ್ಮ ಎದೆಪಟ್ಟೀನ ಹಿಂದಿನಿಂದ ಕತ್ತರಿಸಿಬಿಟ್ಟೆ. ಅಷ್ಟು ಚಂದದ ಹೊಲಿಗೆ. ಯಾವ ಮುಖ ಇಟ್ಕೊಂಡು ನಿಮಗೆ ಫೋನ್ ಮಾಡ್ಲಿ?"

ಪಿಲಿಮ್‌ಳ ಬೆರಳು ಗಾಳಿಯಲ್ಲೇ ನಿಂತಿತು. ಹದಿನಾಲ್ಕು ತಿಂಗಳು ಇವಳು ಯಾರ ಕೋಪಕ್ಕೆ ಹೆದರಿ ಬದುಕಿದ್ದಳೋ ಅವರು ಇವಳಿಗೇ ಹೆದರಿ ಕೂತಿದ್ದರು. ಅವಳಿಗೆ ಅಳು ಬರಬೇಕಿತ್ತು; ಬಂದದ್ದು ನಗು. ಮಾಂಸ ಕತ್ತರಿಸುವ ಕತ್ತರಿಯಲ್ಲಿ ತನ್ನ ರೇಷ್ಮೆ! ಅಷ್ಟರಲ್ಲಿ ಬೀಗಿತ್ತಿಯೂ ನಕ್ಕುಬಿಟ್ಟರು, ಶಾಲೆ ಬಿಟ್ಟ ಹುಡುಗಿಯ ಹಾಗೆ. ನಗುವಿನ ನಡುವೆಯೇ ಪಿಲಿಮ್ ಎರಡು ಪಟಾಕಿಗಳನ್ನು ಒಂದಕ್ಕೊಂದು ತಾಗಿಸಿದಳು. ತಳದ ಸಾಲು ಸಿಡಿದು, ಮೂಲೆಯ ಗಡ್ಡೆ ಪುಡಿಯಾಗಿ, ಫೋನು ಹುಚ್ಚೆದ್ದು ಹಾಡಿತು.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮಗನ ಮದುವೆಗೆ ಹಾನ್‌ಬೊಕ್ ಹೊಲಿಸಬೇಕೆಂದು ಬಂದ ಹೆಂಗಸು ಎಷ್ಟು ಹೊತ್ತಿನಿಂದ ಕಾದಿದ್ದಳೋ, ಎದುರಂಗಡಿಯಿಂದ ಚೊನ್‌ಬುನ್ ಕಣ್ಸನ್ನೆ ಮಾಡಿ ಮಾಡಿ ಸೋತಿದ್ದಳು. ಪಿಲಿಮ್ ಗಡಬಡಿಸಿ ಏಳುವ ಮೊದಲೇ ಬೀಗಿತ್ತಿ ಎದ್ದು, ಅಂಗಡಿಯೇ ತಮ್ಮದೆಂಬಂತೆ ಕೈ ಚಾಚಿದರು.

"ಬನ್ನಿ, ಒಳಗೆ ಬನ್ನಿ. ಇವರ ಕೈ ಚಿನ್ನದಂಥದ್ದು, ನಾನೇ ಉಟ್ಟಿದ್ದೀನಿ. ಟೇಪು ಎಲ್ಲಿ ಅಂತ ಮಾತ್ರ ನೀವೇ ಕೇಳಿ."