ಗಿಡ್ಡ ಸ್ಪ್ರಿಂಗು, ಹಳೇ ಸ್ಟ್ರಟ್ಟು

ಮುಳಬಾಗಿಲಲ್ಲಿ ಕಾರಿಟ್ಟುಕೊಂಡವರಿಗೆ ಶಾಕ್ಸ್ ಭೀಮರಾಜ್ ಗೊತ್ತಿಲ್ಲದೆ ಇರೋದಿಲ್ಲ. ಶ್ರೀನಿವಾಸಪುರ ರಸ್ತೆಯ ಪಕ್ಕ ತಗಡಿನ ಶೆಡ್ಡು, ಮುಂದೊಂದು ಹೊಂಗೆ ಮರ. ಕಾರು ಬಂದು ನಿಂತರೆ ಆತ ಮೊದಲು ಮಾತಾಡೋನಲ್ಲ. ಮುಂದಿನ ಚಕ್ರದ ಮೇಲ್ಗಡೆ ಬಾಡಿಗೆ ಎರಡೂ ಅಂಗೈ ಊರಿ, ಜೋರಾಗಿ ಒತ್ತಿ ಬಿಡೋನು. ಕಾರು ಎದ್ದು ಸುಮ್ಮನಾದರೆ ಸರಿ. ತೂಗಾಡಿದರೆ, “ಸ್ಟ್ರಟ್ ಹೋಗೈತೆ ಕಣಣ್ಣ, ಸ್ಪ್ರಿಂಗಿನೊಳಗಿನ ಶಾಕ್ ಅಬ್ಸಾರ್ಬರ್ರು” ಅನ್ನೋನು. “ಸ್ಪ್ರಿಂಗು ಕುಣಿಯೋನು, ಸ್ಟ್ರಟ್ಟು ಕೈ ಹಿಡಿದು ಕೂರಿಸೋನು. ಇಬ್ಬರಿಗೂ ಹೊಂದಬೇಕು.”

ಕೋಲಾರ, ಮಾಲೂರು ಕಡೆ ಹುಡುಗರು ಕಾರು ತಗ್ಗಿಸೋ ಗಿಡ್ಡ ಸ್ಪ್ರಿಂಗು ತಂದು, ಹಳೇ ಸ್ಟ್ರಟ್ಟಿಗೇ ಹಾಕಿಕೊಡಿ ಅಂದರೆ ಬೈದು ಕಳಿಸೋನು. “ಕುಳ್ಳನಿಗೆ ಉದ್ದದ ಪಂಚೆ ಉಡಿಸಿದಂಗೆ ಕಣ್ಲಾ, ಎಡವಿ ಬೀಳ್ತಾನೆ. ಗಿಡ್ಡ ಸ್ಪ್ರಿಂಗಿಗೆ ಗಿಡ್ಡ ಸ್ಟ್ರಟ್ಟೇ ತಗೊಂಬಾ, ಹೋಗು.”

ಅಂಥವನು ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡ.

ಮಗಳು ಶ್ರೀವಾಣಿಯನ್ನು ಗೌನಿಪಲ್ಲಿಯ ಮಾವಿನ ತೋಟದವರ ಮನೆಗೆ ಕೊಟ್ಟಿದ್ದ. ಮೊದಲ ಯುಗಾದಿಗೆ ಅಳಿಯ ಕದಿರೇಶ್ ಬಂದ. ಎಣ್ಣೆ ಸ್ನಾನ ಆಗಿ, ಎಲೆಗೆ ಒಬ್ಬಟ್ಟು ಬಿದ್ದಿತ್ತು.

“ಮಾವ, ಡಿಕ್ಕೀಲಿ ಕಾರು ತಗ್ಗಿಸೋ ಲೋಯರಿಂಗ್ ಸ್ಪ್ರಿಂಗ್ ತಂದಿದೀನಿ, ಹಾಕ್ಕೊಡಿ. ಸ್ಟ್ರಟ್ ಇದೇ ಇರಲಿ, ಚೆನ್ನಾಗೈತಲ್ಲ.”

ಭೀಮರಾಜ್ ಬಾಯಿ ತೆರೆದ. ಅಡುಗೆಮನೆ ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದಿದ್ದ ಹೆಂಡತಿ ಅನಸೂಯಮ್ಮ ಕಣ್ಣು ಬಿಟ್ಟಳು. ಮೊದಲ ಹಬ್ಬಕ್ಕೆ ಬಂದ ಅಳಿಯ ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನಬಾರದು. ಅಂದುಬಿಟ್ಟರೆ ಆ ಮಾತನ್ನ ಮಗಳು ಗಂಡನ ಮನೇಲಿ ವರ್ಷಗಟ್ಟಲೆ ಕೇಳಬೇಕು. ಭೀಮರಾಜ್ ಒಬ್ಬಟ್ಟಿನ ಜೊತೆ ಮಾತನ್ನೂ ನುಂಗಿದ.

“ಆಗಲಿ ಅಳಿಯಂದಿರೇ.”

ಮಧ್ಯಾಹ್ನವೇ ಹಾಕಿಕೊಟ್ಟ. ಕಾರು ಸೊಗಸಾಗಿ ನೆಲಕ್ಕೆ ತಗ್ಗಿ ನಿಂತಿತು. ಬಗ್ಗಿ ನೋಡಿದರೆ, ಸ್ಟ್ರಟ್ಟಿನ ಕಡ್ಡಿ ಮುಕ್ಕಾಲು ಪಾಲು ಒಳಗೇ ಹೂತುಕೊಂಡಿತ್ತು. ಗುಂಡಿ ಬಂದರೆ ಇಳಿಯೋಕೆ ಉಳಿದಿದ್ದು ಎರಡು ಬೆರಳ ಜಾಗ.

ಮುಂದಿನ ವಾರವೇ ಬೆಂಗಳೂರಿಂದ ಗಿಡ್ಡ ಸ್ಟ್ರಟ್ ತರಿಸಿ ಅಟ್ಟಣಿಗೆ ಮೇಲಿಟ್ಟ. ಆದರೆ ಕರೆದು ಕೊಟ್ಟರೆ, ಮಾಡಿದ ಕೆಲಸ ತಪ್ಪು ಅಂತ ಹೇಳಿದಂಗಾಗುತ್ತಲ್ಲ? ಅಳಿಯಂದಿರೇ ಬಂದು ಕೇಳಲಿ ಅಂದುಕೊಂಡ. ಅಳಿಯ ಕೇಳಲಿಲ್ಲ. ಡಬ್ಬದ ಮೇಲೆ ಧೂಳು ಕೂತಿತು.

ಶ್ರೀವಾಣಿ ಬಸುರಿಯಾದಳು. ಗೌನಿಪಲ್ಲಿಯಲ್ಲಿ ಸೀಮಂತ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಹೊರಟಾಗ ಕದಿರೇಶನೇ ಕಾರು ಓಡಿಸಿದ. ಭೀಮರಾಜ್ ಹಿಂದಿನ ಸೀಟಲ್ಲಿ ಮಗಳ ಪಕ್ಕ ಕೂತ. ತಾನು ಮಾಡಿದ ಕೆಲಸದ ಮೇಲೆ ತಾನು ಕೂತಿದ್ದು ಅವತ್ತೇ ಮೊದಲು.

ಹಂಪು ಬಂತು. ಧಡ್! ಕೆಳಗಿಂದ ಯಾರೋ ಒನಕೆಯಲ್ಲಿ ಕುಟ್ಟಿದಂಗಾಯಿತು.

ಮಗಳು ಅತ್ತೆಮನೆ ಹಸು ಕರು ಹಾಕಿದ್ದು ಹೇಳುತ್ತಿದ್ದಳು. ಹೇಳುತ್ತಲೇ ಎರಡೂ ಕೈ ಸೀಟಿಗೆ ಊರಿ ಮೈಯನ್ನು ಮೇಲಕ್ಕೆತ್ತಿದಳು. ಧಡ್! ಮೆಲ್ಲಗೆ ಕೂತಳು. ಮಾತು ತುಂಡಾಗಲಿಲ್ಲ. ರಸ್ತೆ ಕಡೆ ನೋಡಿದ್ದೂ ಇಲ್ಲ. ಯಾವ ಗುಂಡಿ ಎಲ್ಲಿದೆ ಅಂತ ಮೈಯೇ ಕಲಿತುಬಿಟ್ಟಿತ್ತು.

“ಯಾವಾಗಿಂದ ಹಿಂಗೆ ಏಳ್ತಿದೀಯವ್ವ?”

“ಏನಪ್ಪ? ಓ, ಇದಾ? ಅಭ್ಯಾಸ ಆಗೋಗೈತೆ ಬಿಡು.”

ಭೀಮರಾಜ್ ಮುಂದಿನ ಸೀಟಿನ ಕಡೆ ಬಗ್ಗಿದ. “ಗಾಡಿ ನಿಲ್ಲಿಸಿ ಅಳಿಯಂದಿರೇ.”

ಶ್ರೀನಿವಾಸಪುರ ದಾಟಿ ಒಂದು ಬಸ್‌ಸ್ಟಾಪಿನ ಹತ್ತಿರ ಕಾರು ನಿಂತಿತು. ಇಳಿದು ಅಂಗೈ ಊರಿ ಒತ್ತಿದ. ಕಾರು ತೊಟ್ಟಿಲಿನ ಥರ ತೂಗಿತು. ಚಕ್ರದ ಸಂದಿಗೆ ಕೈ ಹಾಕಿದರೆ ಬೆರಳಿಗೆ ಎಣ್ಣೆ, ಮಣ್ಣು.

“ಏನ್ ಮಾವ, ರೋಡಲ್ಲೇ ಗ್ಯಾರೇಜ್ ತೆಗೆದ್ರಾ?” ಕದಿರೇಶ್ ನಕ್ಕ.

“ಸ್ಟ್ರಟ್ ಒಡೆದು ಸೋರ್ತೈತೆ. ಅವತ್ತೇ ಆಗಲ್ಲ ಅನ್ನಬೇಕಿತ್ತು, ಇವತ್ತು ಅಂತೀನಿ. ನನ್ನ ಮಗಳು ಬಸ್ಸಲ್ಲಿ ಬರ್ತಾಳೆ.”

“ಬಸ್ಸೇನು ಕುಣಿಯಲ್ವಾ?”

“ಕುಣಿಯುತ್ತೆ, ಹಿಂಗೆ ಬಡಿಯಲ್ಲ. ನೀವು ನಿಧಾನಕ್ಕೆ ಶೆಡ್ಡಿಗೆ ತನ್ನಿ. ಗಿಡ್ಡ ಸ್ಟ್ರಟ್ ಆಗಲೇ ತರಿಸಿಟ್ಟಿದೀನಿ.”

ಕದಿರೇಶನ ನಗು ನಿಂತಿತು. “ಆಗಲೇ ಅಂದ್ರೆ?”

“ಯುಗಾದಿ ಆದ ಮೇಲೆ.”

“ತೆಲ್ಸಿ ತೆಲ್ಸಿ ಹಾಕಿದ್ರಾ?” ಕೋಪ ಬಂದರೆ ಅವನ ಬಾಯಿಗೆ ಗೌನಿಪಲ್ಲಿಯ ತೆಲುಗು ಬೆರೆಯೋದು. “ಗೊತ್ತಿದ್ದೂ ಇಷ್ಟು ದಿನ ಇವಳನ್ನ ಇದರಲ್ಲೇ ಓಡಾಡೋಕೆ ಬಿಟ್ರಾ? ನನಗೆ ತಿಳೀದು ಮಾವ. ನಿಮಗೆ?”

ಭೀಮರಾಜ್ ಎಣ್ಣೆ ಕೈಯನ್ನು ಪಂಚೆಗೆ ಒರೆಸುತ್ತಲೇ ಇದ್ದ. ಸೀಮಂತಕ್ಕೆ ಅಂತ ಉಟ್ಟ ಹೊಸ ಪಂಚೆ.

ಬಸ್ಸು ಬಂತು. ಶ್ರೀವಾಣಿ ಮಡಿಲಕ್ಕಿ ಹಿಡಿದುಕೊಂಡು ಕಷ್ಟಪಟ್ಟು ಕಾರಿಂದ ಇಳಿದಳು. “ಹಿಂದೇನೆ ಬನ್ನಿ ರೀ,” ಅಂದಳು. ಭೀಮರಾಜ್ ಮಗಳನ್ನು ಬಸ್ಸು ಹತ್ತಿಸಿ ತಾನೂ ಹತ್ತಿದ. ಬಸ್ಸು ಹೊರಟು ತಿರುವು ತಿರುಗುವಾಗಲೂ ಕಾರು ಅಲ್ಲೇ ನಿಂತಿತ್ತು. ಮುಳಬಾಗಿಲ ಮನೆಯಲ್ಲಿ ಅನಸೂಯಮ್ಮ ಆರತಿ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದಳು.

“ಮಡಿಲು ತುಂಬಿದ ದಿನವೇ ಅಳಿಯನ್ನ ಬೀದೀಲಿ ಬಿಟ್ಟು ಬಂದ್ರಾ?” ಅನಸೂಯಮ್ಮ ಹಣೆ ಚಚ್ಚಿಕೊಂಡಳು. ಭೀಮರಾಜ್ ಶೆಡ್ಡಿಗೆ ಹೋದ. ಡಬ್ಬದ ಧೂಳು ಕೊಡವಿ, ಗಿಡ್ಡ ಸ್ಟ್ರಟ್ಟುಗಳನ್ನು ತೆಗೆದು ಒಗೆದ ಬಟ್ಟೆಯ ಮೇಲೆ ಸಾಲಾಗಿಟ್ಟ. ಜಾಕು ಎಳೆದು ತಂದ. ಶೆಡ್ಡಿನ ಮುಂದೆ ಒಂದು ಹಂಪು ಇದೆ. ಟೆಂಪೋ ದಾಟಿತು, ಹಾಲಿನ ಗಾಡಿ ದಾಟಿತು, ಯಾವುದೂ ಬಡಿಯಲಿಲ್ಲ. ಹೊಂಗೆ ಮರದ ನೆರಳು ರಸ್ತೆಯಾಚೆಗೆ ಹೋಯಿತು. ಭೀಮರಾಜ್ ಅಳಿಯನ ಕಾರಿನ ಆ ಧಡ್ ಅನ್ನೋ ಸದ್ದಿಗೇ ಕಿವಿಗೊಟ್ಟು ಕೂತಿದ್ದ.