ಬೊಂಬೆಗಳ ಕೆಳಗೆ ಕೂತ ಗ್ರಂಥಾಲಯ

ಹಾಲಿನವರ ಸೈಕಲ್ ಗಂಟೆ ಶಂಕರಪುರದ ಅಡ್ಡರಸ್ತೆಗಳಲ್ಲಿ ಇನ್ನೂ ಕೇಳಿಸುತ್ತಿದೆ. ಶಾಖಾ ಗ್ರಂಥಾಲಯದ ಗೇಟಿನ ಮುಂದೆ ಮಫ್ಲರ್ ಸುತ್ತಿಕೊಂಡ ನಾಲ್ಕಾರು ಹಿರಿಯರು ಆಗಲೇ ಬಂದು ನಿಂತಿದ್ದಾರೆ. ಅಕ್ಕಿಪೇಟೆಯಿಂದ ನಡೆದೇ ಬರುವ ದ್ರೌಪದಮ್ಮ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈಗೊಂಚಲು ತೆಗೆದು ಬಾಗಿಲು ತೆರೆಯುತ್ತಾರೆ. ಮೆಟ್ಟಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಎಳೆಯುತ್ತಾರೆ. ಆಮೇಲೆ ಪತ್ರಿಕೆಗಳ ಕಟ್ಟು ಬಿಚ್ಚಿ ಒಂದೊಂದಕ್ಕೂ ಮೊಹರು ಒತ್ತುತ್ತಾರೆ. ಆ ಠಪ್ ಠಪ್ ಸದ್ದು ನಿಲ್ಲುವವರೆಗೆ ಒಳಗೆ ಕಾಲಿಡುವ ಧೈರ್ಯ ಯಾರಿಗೂ ಇಲ್ಲ.

"ದ್ರೌಪದಮ್ಮನೋರೇ, ಇವತ್ತಾದ್ರೂ ನನ್ನ ಪೇಪರಿಗೆ ಮೊದ್ಲು ಸೀಲ್ ಹೊಡೀರಿ" ಎಂದು ಹೊರಗಿನಿಂದ ಕೂಗುವವರು ನಿವೃತ್ತ ಬ್ಯಾಂಕ್ ಗುಮಾಸ್ತ ರಾಮಸ್ವಾಮಿ.

"ಎಲ್ಲಾ ಸರ್ಕಾರದ ಪೇಪರ್ರೇ ಸಾರ್. ನಿಮ್ಮದು ಅಂತ ಬೇಕಿದ್ರೆ ಮನೆಗೊಂದು ಹಾಕಿಸ್ಕೊಳ್ಳಿ."

"ಮನೇಲಿ ತರಿಸಿದ್ರೆ ನಿಮ್ಮ ಕೈಲಿ ಬೈಸ್ಕೊಳ್ಳೋದು ಹೇಗೆ?"

ಗೇಟಿನ ಬಳಿ ನಗು ಹರಡುತ್ತದೆ. ದ್ರೌಪದಮ್ಮ ನಗುವುದಿಲ್ಲ, ಮೊಹರು ಮಾತ್ರ ಕೊಂಚ ಜೋರಾಗಿ ಬೀಳುತ್ತದೆ.

ಅವರ ಹುದ್ದೆಯ ಹೆಸರು ಅಟೆಂಡರ್. ಗಂಡ ಮುನಿಗಂಗಪ್ಪ ಇದೇ ಗ್ರಂಥಾಲಯದ ಕಾವಲುಗಾರರಾಗಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಅವರು ತೀರಿಕೊಂಡಾಗ ಅನುಕಂಪದ ಆಧಾರದ ಮೇಲೆ ಈ ಕೆಲಸ ದ್ರೌಪದಮ್ಮನಿಗೆ ಬಂತು. ಅದುವರೆಗೆ ಅವರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದವರು. "ಸೊಪ್ಪಿಗೂ ಪುಸ್ತಕಕ್ಕೂ ಏನ್ ದೊಡ್ಡ ವ್ಯತ್ಯಾಸ ಇಲ್ಲ ಕಣ್ರೀ. ಅದಕ್ಕೆ ನೀರ್ ಚಿಮುಕಿಸ್ಬೇಕು, ಇದಕ್ಕೆ ನೀರ್ ತಾಕ್ಸಬಾರ್ದು, ಅಷ್ಟೇ" ಎನ್ನುತ್ತಾರೆ. ಏಳನೇ ತರಗತಿಗೆ ನಿಂತ ಓದನ್ನು ಹರಿದ ವಾರಪತ್ರಿಕೆಗಳ ಧಾರಾವಾಹಿಗಳಿಂದ ಮತ್ತೆ ಹಿಡಿದರಂತೆ. ಕೊನೆಯ ಕಂತು ಇಲ್ಲದ ಸಂಚಿಕೆ ಸಿಕ್ಕಿದರೆ ಈಗಲೂ ಅವರಿಗೆ ಊಟ ಸೇರುವುದಿಲ್ಲ.

ನೀರು ತಾಕಿಸಬಾರದು ಎಂಬ ಮಾತು ಸುಲಭವಾಗಿರಲಿಲ್ಲ. ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಹಳೆಯ ಹಂಚಿನ ಮನೆ ಅದು. ಮಳೆಗಾಲದಲ್ಲಿ ಕಪಾಟುಗಳಿಗೆ ಪ್ಲಾಸ್ಟಿಕ್ ಹೊದಿಸಿ, ಓದುಗರ ಕುರ್ಚಿಗಳ ನಡುವೆ ಬಕೆಟ್ ಇಡುವುದು ದಿನದ ಕೆಲಸದ ಭಾಗವೇ ಆಗಿತ್ತು. ಆದರೆ ದ್ರೌಪದಮ್ಮನನ್ನು ಕೊರೆಯುತ್ತಿದ್ದುದು ಸೋರುವ ಸೂರಲ್ಲ, ಗೇಟು. ಒಳಗಿದ್ದುದು ಒಂದೇ ಹಾಲ್. ಅದರ ತುಂಬ ಗಂಡಸರು. ಹೆಂಗಸರು ಗೇಟಿನ ತನಕ ಬಂದು ನಿಲ್ಲುತ್ತಿದ್ದರು. ತರಕಾರಿ ಚೀಲ ಕೈ ಬದಲಿಸುತ್ತ "ಯಾವುದಾದ್ರೂ ಒಳ್ಳೇ ಕಾದಂಬರಿ ಕೊಡಿ" ಎಂದು ಪಿಸುಗುಡುತ್ತಿದ್ದರು. ದ್ರೌಪದಮ್ಮ ಒಳಗಿಂದ ತಂದುಕೊಡಬೇಕು, ಅವರು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಬೇಕು. ಹಿಂದುಗಡೆ ಒಂದು ಕೋಣೆಯಿತ್ತು. ಗೋಡೆ ಬಿರಿದು, ಮುರಿದ ಬೆಂಚುಗಳನ್ನು ತುಂಬಿಕೊಂಡು ಬೀಗ ಹಾಕಿಸಿಕೊಂಡಿತ್ತು. ಅದೊಂದು ಹೆಂಗಸರ ಕೋಣೆಯಾಗಬೇಕು ಎಂಬುದು ದ್ರೌಪದಮ್ಮನ ಆಸೆ. ಯಾರ ಬಳಿಯೂ ಹೇಳಿರಲಿಲ್ಲ, ಬಂದ ಪ್ರತಿ ಅಧಿಕಾರಿಗೂ ಆ ಬಾಗಿಲು ತೆರೆದು ತೋರಿಸುತ್ತಿದ್ದರು, ಅಷ್ಟೆ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ಆದೇಶ ಬಂತು. ಗ್ರಂಥಾಲಯ ಕಟ್ಟಡಗಳ ನವೀಕರಣಕ್ಕೆ ರಾಜ್ಯ ಸರ್ಕಾರದ ಅನುದಾನ, ಎರಡು ಕಂತಿನಲ್ಲಿ. ಮೊದಲ ಕಂತಿನಲ್ಲಿ ಮುಂದಿನ ಹಾಲ್. ಅದು ಮುಗಿದು, ಬಳಕೆಗೆ ಬಂದದ್ದನ್ನು ಅಧಿಕಾರಿ ಕಣ್ಣಾರೆ ಕಂಡ ಮೇಲೆ ಎರಡನೆಯ ಕಂತಿನಲ್ಲಿ ಹಿಂದಿನ ಕೋಣೆ. ಕಾಣದಿದ್ದರೆ ಆ ಕಂತು ಸಿದ್ಧವಾಗಿರುವ ಬೇರೆ ಶಾಖೆಗೆ.

ಕಟ್ಟಡ ಬಿಚ್ಚಬೇಕಾದರೆ ಪುಸ್ತಕಗಳು ಎಲ್ಲಿಗೆ ಹೋಗಬೇಕು? ಮೂಟೆ ಕಟ್ಟಿ ಗೋಡೌನಿಗೆ ಕಳಿಸಿ ಎಂದಿತು ಮೇಲಿನ ಸೂಚನೆ. ಗ್ರಂಥಪಾಲಕ ಶ್ರೀನಿವಾಸಯ್ಯ ಸಾಧು ಮನುಷ್ಯರು, ಸೂಚನೆ ಮೀರುವವರಲ್ಲ. ಗೋಣಿಚೀಲಗಳು ಬಂದು ಬಿದ್ದವು.

"ಸಾರ್, ಗೋಡೌನಿಗೆ ಹೋದ ಪುಸ್ತಕ ವಾಪಸ್ ಬಂದದ್ದು ನೀವು ನೋಡಿದೀರಾ?" ಎಂದು ಕೇಳಿದರು ದ್ರೌಪದಮ್ಮ.

"ಮತ್ತೇನ್ ಮಾಡೋಣಮ್ಮ, ತಲೆ ಮೇಲೆ ಹೊತ್ಕೊಂಡ್ ನಿಂತ್ಕೊಳ್ಳೋಣ್ವಾ?"

"ನಾವ್ಯಾಕೆ ಹೊತ್ಕೋಬೇಕು? ಓದೋರು ಹೊತ್ಕೊಳ್ಲಿ."

ಹಾಗೆ ಹುಟ್ಟಿತು ಆ ಏರ್ಪಾಡು. ಮನೆಗೊಂದು ಖಾನೆ. ಕಪಾಟಿನ ಒಂದೊಂದು ಸಾಲನ್ನು ಒಂದೊಂದು ಮನೆಗೆ ಎರವಲು ಕೊಡುವುದು, ಹಾಲ್ ಮುಗಿದ ಮೇಲೆ ಅದೇ ಸಾಲು ಅದೇ ಜಾಗಕ್ಕೆ ಮರಳುವುದು. ನಿವೃತ್ತ ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಮ್ಮನವರ ಮನೆಗೆ ಇತಿಹಾಸ ಹೋಯಿತು. ಚಾಮರಾಜಪೇಟೆಯಲ್ಲಿ ಹೊಲಿಗೆ ಕಲಿಸುವ ಖಮರುನ್ನೀಸಾ ಪತ್ತೇದಾರಿ ಕಾದಂಬರಿಗಳಿಗೆ ಕೈಯೊಡ್ಡಿದರು. ಅದೇ ಸಾಲಿನ ಮೇಲೆ ಕಣ್ಣಿಟ್ಟಿದ್ದ ರಾಮಸ್ವಾಮಿ ತಡವಾಗಿ ಬಂದರು. ಅವರ ಪಾಲಿಗೆ ಉಳಿದದ್ದು ಬಸುರಿ ಬಾಣಂತಿಯರ ಆರೈಕೆಯ ಪುಸ್ತಕಗಳು.

"ಈ ವಯಸ್ಸಲ್ಲಿ ಇದನ್ನ ತಲೆದಿಂಬಿನ ಪಕ್ಕ ಇಟ್ಕೊಂಡ್ರೆ ಜನ ಏನಂತಾರ್ರೀ?"

"ಜ್ಞಾನ ಎಲ್ಲಿಂದ ಬಂದ್ರೂ ಒಳ್ಳೇದೇ ಸಾರ್. ಎತ್ಕೊಳ್ಳಿ, ಎತ್ಕೊಳ್ಳಿ."

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಾಲ್ ಸಿದ್ಧವಾಯಿತು. ಆರ್‌ಸಿಸಿ ಸೂರು, ಹೊಸ ಕಪಾಟು, ಗೋಡೆಗೆ ತಿಳಿಹಸಿರು. ಪುಸ್ತಕಗಳನ್ನು ಕರೆಸಿಬಿಡೋಣವೇ ಎಂದರು ಶ್ರೀನಿವಾಸಯ್ಯ. ದ್ರೌಪದಮ್ಮನೇ ಬೇಡವೆಂದರು. "ಪಕ್ಷಮಾಸ ಮುಗಿದು ಹಬ್ಬ ಕೂತ್ಕೊಳ್ತದೆ ಸಾರ್. ವಿಜಯದಶಮಿ ದಿನ ತರೋಣ. ವಿದ್ಯೆಗೆ ಅದಕ್ಕಿಂತ ಒಳ್ಳೇ ದಿನ ಇದೆಯಾ?"

ಆ ಒಳ್ಳೆಯ ದಿನದ ಆಸೆಯೇ ಕುತ್ತಿಗೆಗೆ ಬಂತು. ಸಪ್ತಮಿಯ ಮಧ್ಯಾಹ್ನ ಫೋನ್ ಗಂಟೆ ಬಡಿಯಿತು. ನಾಳೆ ಹನ್ನೊಂದು ಗಂಟೆಗೆ ತಪಾಸಣೆ.

ದ್ರೌಪದಮ್ಮ ಚಪ್ಪಲಿಯನ್ನೂ ಮೆಟ್ಟದೆ ವಿಶಾಲಾಕ್ಷಮ್ಮನವರ ಮನೆಗೆ ಓಡಿದರು. ನಡುಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೊಂಬೆಗಳು ಕೂತಿದ್ದವು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ರೇಷ್ಮೆ ಶಲ್ಯ ಹೊದ್ದು, ಸೇವಂತಿಗೆ ಮುಡಿದು, ಇಡೀ ಇತಿಹಾಸದ ಸಾಲು ಕೂತಿತ್ತು. ಅದರ ಮೇಲೆ ಕಲಶ.

"ಬೆಳಿಗ್ಗೆ ತಾನೇ ಸರಸ್ವತೀನ ಕೂರ್ಸಿದೀನಿ ಕಣಮ್ಮ" ಎಂದರು ವಿಶಾಲಾಕ್ಷಮ್ಮ. "ದಶಮಿ ದಿನ ವಿಸರ್ಜನೆ ಆಗೋವರೆಗೂ ಪುಸ್ತಕ ಮುಟ್ಟೋ ಹಾಗಿಲ್ಲ, ಓದೋ ಹಾಗಿಲ್ಲ. ನಿಂಗ್ ಗೊತ್ತಿಲ್ವಾ?"

ಗೊತ್ತಿತ್ತು. ದ್ರೌಪದಮ್ಮನ ಮನೆಯಲ್ಲೂ ಮೊಮ್ಮಗಳ ಪಾಠಪುಸ್ತಕಗಳು ದೇವರ ಮುಂದೆ ಕೂತಿದ್ದವು. ಒತ್ತಾಯಿಸಲು ಬಾಯಿ ಬರಲಿಲ್ಲ. ಮನೆಯಿಂದ ಮನೆಗೆ ಅದೇ ಉತ್ತರ. ರಾಮಸ್ವಾಮಿ ಬಾಗಿಲಲ್ಲೇ ಕೈ ಚೆಲ್ಲಿದರು: "ಬಾಣಂತಿ ಪುಸ್ತಕಕ್ಕೂ ಅರಿಶಿನ ಕುಂಕುಮ ಇಟ್ಬಿಟ್ಟಿದಾಳೆ ನಮ್ಮೋಳು. ಒಂದ್ ಹಾಳೆ ಅಲ್ಲಾಡಿಸಿದ್ರೂ ರಾತ್ರಿ ನಂಗ್ ಊಟ ಇಲ್ಲ."

ಮರುದಿನ ಬೆಳಿಗ್ಗೆ ಗ್ರಂಥಾಲಯದ ಮುಂದೆ ಒಂದು ಆಟೋ ನಿಂತಿತು. ಒಳಗೆ ಖಮರುನ್ನೀಸಾ, ಮಡಿಲ ಮೇಲೆ, ಕಾಲ ಬಳಿ, ಸೀಟಿನ ಹಿಂದೆ ಪತ್ತೇದಾರಿ ಕಾದಂಬರಿಗಳು. "ಎಲ್ರೂ ಕೊಡಲ್ಲ ಅಂದ್ರಂತೆ? ನಮ್ಮನೇಲಿ ಹಬ್ಬ ಇಲ್ವಲ್ಲ, ತಗೊಳ್ಳಿ ದ್ರೌಪದಕ್ಕ. ಒಂದ್ ಮಾತ್ರ ಅರ್ಧ ಓದಿದೀನಿ, ಅದನ್ನ ಸಾಯಂಕಾಲ ವಾಪಸ್ ಕೊಡ್ಬೇಕು."

ಹನ್ನೊಂದಕ್ಕೆ ಸರಿಯಾಗಿ ಜೀಪು ಬಂತು. ಅಧಿಕಾರಿ ಮಧುಸೂದನ್ ಕಿರಿಯ ವಯಸ್ಸಿನವರು, ಕಟ್ಟುನಿಟ್ಟಿನವರು. ಹೊಸ ಹಾಲಿನ ನಡುವೆ ನಿಂತು ಸುತ್ತಲೂ ಕಣ್ಣಾಡಿಸಿದರು. ಖಾಲಿ ಖಾನೆ, ಖಾಲಿ ಖಾನೆ, ಮತ್ತೊಂದು ಖಾಲಿ ಖಾನೆ. ಮೂಲೆಯಲ್ಲಿ ಪಿಸ್ತೂಲು ಹಿಡಿದ ಮುಖಪುಟಗಳ ಒಂದೇ ಒಂದು ಸಾಲು.

"ಏನ್ರೀ ಇದು? ಸರ್ಕಾರದ ಗ್ರಂಥಾಲಯದಲ್ಲಿ ಬರೀ ಕೊಲೆ ಕಾದಂಬರೀನಾ?"

ದ್ರೌಪದಮ್ಮ ಮುಂದೆ ಬಂದರು. "ತಪ್ಪು ನಂದು ಸಾರ್. ದಶಮಿಗೆ ತರೋಣ ಅಂದೋಳು ನಾನು. ಪುಸ್ತಕ ಎಲ್ಲಾ ಪೂಜೆಗೆ ಕೂತವೆ. ಬನ್ನಿ, ತೋರಿಸ್ತೀನಿ."

"ನಾನು ಗ್ರಂಥಾಲಯ ನೋಡೋಕೆ ಬಂದಿರೋದಮ್ಮ, ಬೊಂಬೆ ನೋಡೋಕಲ್ಲ."

ಆದರೂ ಹೋದರು. ವಿಶಾಲಾಕ್ಷಮ್ಮನವರ ಹೊಸಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದವರು, ಇಲಾಖೆಯ ಮೊಹರು ನೋಡಲೆಂದು ಶಲ್ಯದ ಕಡೆಗೆ ಕೈ ಚಾಚಿದರು.

"ಮುಟ್ಬೇಡ!"

ತಲೆಮಾರುಗಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಗಂಟಲು ಅದು. ಅಧಿಕಾರಿಯ ಕೈ ತಾನಾಗಿ ಬೆನ್ನ ಹಿಂದೆ ಸರಿಯಿತು. ವಿಶಾಲಾಕ್ಷಮ್ಮನವರೇ ಬೆಚ್ಚಿ, "ಮುಟ್ಬೇಡಿ ಅಂದೆ ಸಾರ್, ಅಭ್ಯಾಸ" ಎಂದು ಕೋಸಂಬರಿಯ ಬಟ್ಟಲು ಮುಂದಿಟ್ಟರು. ಅಧಿಕಾರಿ ಕೋಸಂಬರಿ ತಿಂದರು, ಮತ್ತೆರಡು ಮನೆಗಳನ್ನೂ ನೋಡಿದರು. ಆದರೆ ಜೀಪಿನ ಬಳಿ ಬಂದಾಗ ಮಾತು ಬದಲಾಗಲಿಲ್ಲ. "ಪುಸ್ತಕ ಎಲ್ಲೂ ಹೋಗಿಲ್ಲ, ಒಪ್ಪಿದೆ. ಆದ್ರೆ ಹಾಲ್ ಬಳಕೆಯಲ್ಲಿದೆ ಅಂತ ಹೇಗ್ ಬರೀಲಿ? ಹಬ್ಬ ಕಳೆದ ಕೂಡ್ಲೇ ವರದಿ ಮೇಲಕ್ಕೆ ಹೋಗ್ಬೇಕು."

"ದಶಮಿ ದಿನ ಬಂದ್ಬಿಡಿ ಸಾರ್."

"ಅವತ್ತು ರಜಾ ಅಲ್ವೇನಮ್ಮ?"

"ನಾನ್ ಬಾಗ್ಲು ತೆಗೀತೀನಿ. ನೀವ್ ಬರ್ತೀರಾ?"

ಅವರು ಹತ್ತಿ ಕೂತರು. ಜೀಪು ಹೊರಟುಹೋಯಿತು.

ವಿಜಯದಶಮಿಯ ಬೆಳಿಗ್ಗೆ ಆ ರಸ್ತೆ ಕಂಡವರು ಇಂದಿಗೂ ಅದನ್ನು ನೆನೆಯುತ್ತಾರೆ. ವಿಸರ್ಜನೆ ಮುಗಿಸಿದ ಮನೆಗಳ ಬಾಗಿಲುಗಳು ಒಂದೊಂದೇ ತೆರೆದವು. ರೇಷ್ಮೆ ಸೀರೆ ಉಟ್ಟವರು, ಮಡಿಪಂಚೆ ಉಟ್ಟವರು, ತಟ್ಟೆಯಲ್ಲಿ, ಬುಟ್ಟಿಯಲ್ಲಿ, ತೋಳಿನ ಮೇಲೆ ಪುಸ್ತಕ ಹೊತ್ತು ಬಂದರು. ರಾಮಸ್ವಾಮಿ ತಮ್ಮ ಸಾಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಹೊಸ ಕಪಾಟುಗಳು ತುಂಬಿದವು. ಪತ್ತೇದಾರಿ ಸಾಲೊಂದು ಬಿಟ್ಟರೆ ಅರಿಶಿನದ ಬೆರಳಚ್ಚಿಲ್ಲದ ಪುಸ್ತಕವಿರಲಿಲ್ಲ. ಹನ್ನೊಂದಾಯಿತು. ಹನ್ನೆರಡಾಯಿತು. ಜೀಪು ಬರಲಿಲ್ಲ. ಜನ ಹಬ್ಬದೂಟಕ್ಕೆ ಕರಗತೊಡಗಿದರು. ಶ್ರೀನಿವಾಸಯ್ಯ ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡು, "ಹೋಗ್ಲಿ ಬಿಡಮ್ಮ, ಹಾಲ್ ಆದ್ರೂ ಆಯ್ತಲ್ಲ" ಎಂದರು.

ಆಗ ಒಂದು ಸ್ಕೂಟರ್ ಬಂತು. ಮಾವಿನೆಲೆ, ಹೂವಿನ ಹಾರ ಕಟ್ಟಿದ ಸ್ಕೂಟರ್. ಮುಂದೆ ಪಂಚೆಯುಟ್ಟ ಮಧುಸೂದನ್, ಹಿಂದೆ ಅವರ ಹೆಂಡತಿ. "ದೇವಸ್ಥಾನಕ್ಕೆ ಹೊರಟಿದ್ವಿ. ಹತ್ತೇ ನಿಮಿಷ" ಎಂದು ಅವರು ಒಳಗೆ ನಡೆದರು. ಹೆಂಡತಿ ಗೇಟಿನಲ್ಲೇ ನಿಂತರು.

ಗೇಟಿನಲ್ಲಿ ಹೆಂಗಸು ನಿಂತರೆ ದ್ರೌಪದಮ್ಮನ ಕೈ ಸುಮ್ಮನಿರುವುದಿಲ್ಲ. ಖಮರುನ್ನೀಸಾ ಓದಿ ಮುಗಿಸಿದ್ದ ಪತ್ತೇದಾರಿ ಕಾದಂಬರಿಯೊಂದನ್ನು ತಂದು ಆಕೆಯ ಕೈಗಿತ್ತರು. ಅಧಿಕಾರಿ ಹಾಲ್ ನೋಡಿದರು, ಖಾನೆ ಖಾನೆ ನೋಡಿದರು, ಹೊರಗೆ ಬಂದರು. ಹೆಂಡತಿ ಬಿಸಿಲಿನಲ್ಲಿ ಸ್ಕೂಟರಿಗೆ ಒರಗಿ ಪುಟ ತಿರುವುತ್ತಿದ್ದರು.

"ಹೊರಡೋಣ್ವಾ?"

"ಒಂದ್ನಿಮಿಷ."

"ಪೂಜೆ ಹೊತ್ತಾಗತ್ತೆ."

"ವಿಷ ಹಾಕಿದ್ಯಾರು ಅಂತ ಗೊತ್ತಾಗ್ಲಿ ತಡೀರಿ. ಒಳಗೆಲ್ಲೂ ಹೆಂಗಸ್ರು ಕೂತ್ಕೊಳ್ಳೋಕೆ ಜಾಗ ಇಲ್ವಾ ಇಲ್ಲಿ?"

ದ್ರೌಪದಮ್ಮ ಸೊಂಟದ ಗೊಂಚಲು ತೆಗೆದು ಹಿಂದಿನ ಕೋಣೆಯ ಬೀಗ ತೆರೆದರು.

ಎರಡನೆಯ ಕಂತು ಸಂಕ್ರಾಂತಿಗೆ ಮುಂಚೆಯೇ ಬಂತು. ಇಂದು ಆ ಕೋಣೆಗೆ ಎರಡು ಕಿಟಕಿ, ಒಂದು ಫ್ಯಾನು, ಉದ್ದನೆಯ ಮೇಜು. ಮಧ್ಯಾಹ್ನ ಎರಡರ ಹೊತ್ತಿಗೆ, ಮನೆಗೆಲಸ ಮುಗಿದ ಮೇಲೆ, ಕುರ್ಚಿ ಸಿಗುವುದೇ ಕಷ್ಟ. ಪತ್ರಿಕೆಯ ಈ ಬರಹಕ್ಕೆಂದು ನಾನು ಹೋದ ದಿನವೂ ಅಷ್ಟೇ. ಮೇಜಿನ ಕೊನೆಯಲ್ಲಿ ನಡುವಯಸ್ಸಿನ ಗೃಹಿಣಿಯೊಬ್ಬರು ತೆರೆದ ಕಾದಂಬರಿಯ ಮೇಲೆ ಕೆನ್ನೆಯಿಟ್ಟು ಗಾಢವಾಗಿ ನಿದ್ದೆ ಹೋಗಿದ್ದಾರೆ. ಬಾಗಿಲಲ್ಲಿ ಇಣುಕಿದ ಶ್ರೀನಿವಾಸಯ್ಯನವರಿಗೆ ಮುಜುಗರ.

"ಎಬ್ಬಿಸಮ್ಮ ಅವರನ್ನ. ಇದು ಓದೋ ಜಾಗ."

ದ್ರೌಪದಮ್ಮ ಎಬ್ಬಿಸುವುದಿಲ್ಲ. ಫ್ಯಾನಿನ ವೇಗವನ್ನು ಒಂದು ಸುತ್ತು ಏರಿಸಿ, ಕದವನ್ನು ಸದ್ದಾಗದಂತೆ ಮುಂದೆ ಎಳೆದುಕೊಂಡು, ಪಿಸುದನಿಯಲ್ಲಿ ಹೇಳುತ್ತಾರೆ:

"ಮಲಗ್ಲಿ ಬಿಡಿ ಸಾರ್. ಆ ಹಾಲಲ್ಲಿ ಗಂಡಸ್ರು ಪೇಪರ್ ಹೊದ್ಕೊಂಡು ಎಷ್ಟ್ ವರ್ಷದಿಂದ ಮಲಗ್ತಾವ್ರೆ, ನಾವ್ ಒಂದ್ ದಿನ ಏನಾದ್ರೂ ಅಂದಿದೀವಾ?"